ಇರುವೆ ಸಾಲು ಮರ ಹತ್ತಿದರೆ ಮೊದಲು ಮೇಲೆ ನೋಡಿ

ಎಲ್ಲರಿಗೂ ನಮಸ್ಕಾರ.

ಚಂದಕ್ಕೆಂದು ಬೆಳೆಸಿದ ಮರದ ಕಾಂಡದಲ್ಲಿ ಇರುವೆ ಸಾಲು ಕಂಡರೆ ನಾವು ಏನು ಮಾಡುತ್ತೇವೆ? ಇರುವೆ ಪುಡಿ ತಂದು ಬುಡಕ್ಕೆ ಸುರಿಯುತ್ತೇವೆ, ಅಲ್ವಾ? ನಾನೂ ತುಂಬಾ ದಿನ ಅದನ್ನೇ ಮಾಡಿದೆ. ಒಂದೆರಡು ದಿನ ಸಾಲು ಕಾಣುತ್ತಿರಲಿಲ್ಲ. ಆಮೇಲೆ ಕಾಂಡದ ಇನ್ನೊಂದು ಮಗ್ಗುಲಿಂದ ಹತ್ತುತ್ತಿದ್ದವು. ಚಿಗುರು ಮುರುಟುವುದು ಮಾತ್ರ ನಿಲ್ಲಲೇ ಇಲ್ಲ. ಚಿಗುರು ಹಾಳು ಮಾಡುತ್ತಿದ್ದದ್ದು ಇರುವೆ ಅಲ್ಲ ಅಂತ ಆಗ ನನಗೆ ಗೊತ್ತಿರಲಿಲ್ಲ.

ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಮೇಲೆ ಹೋಗುವ ಇರುವೆಯ ಹೊಟ್ಟೆ ಸಣ್ಣಗಿರುತ್ತದೆ. ಕೆಳಗೆ ಇಳಿಯುವುದರ ಹೊಟ್ಟೆ ಉಬ್ಬಿ ಹೊಳೆಯುತ್ತಿರುತ್ತದೆ. ಮೇಲೆ ಅದಕ್ಕೆ ಸಿಹಿ ಸಿಕ್ಕಿದೆ. ಕೊಟ್ಟವರು ಯಾರು? ಎಳೆ ಎಲೆಯನ್ನು ಮಗುಚಿ ನೋಡಿ. ಗಿಡಹೇನು, ಹಿಟ್ಟು ತಿಗಣೆ, ಬಿಳಿನೊಣ, ಇಲ್ಲವೇ ರೆಂಬೆಗೆ ಚಿಪ್ಪಿನಂತೆ ಅಂಟಿದ ಶಲ್ಕ ಕೀಟ ಇರುತ್ತದೆ.

ಇವು ಸೂಜಿಯಂಥ ಬಾಯಿಯಿಂದ ಮರದ ರಸ ಹೀರುತ್ತವೆ. ಆ ರಸದಲ್ಲಿ ಸಕ್ಕರೆ ಬಹಳ, ಮೈ ಬೆಳೆಯಲು ಬೇಕಾದ ಸಾರಜನಕ ಕಡಿಮೆ. ಬೇಕಾದಷ್ಟು ಸಾರಜನಕ ಸಿಗಲು ಅವು ಸಿಕ್ಕಾಪಟ್ಟೆ ರಸ ಕುಡಿಯಬೇಕು. ಉಳಿದ ಸಕ್ಕರೆ ಹನಿಹನಿಯಾಗಿ ಹಿಂದಿನಿಂದ ಹೊರಬೀಳುತ್ತದೆ. ಮರದ ಕೆಳಗಿನ ಕಲ್ಲುಬೆಂಚು ಅಂಟಂಟಾಗುವುದು ಇದರಿಂದಲೇ. ಎಲೆ ಮೇಲೆ ಬಿದ್ದ ಅಂಟಿನಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಮಸಿ ಬಳಿದ ಹಾಗಾದ ಎಲೆಗೆ ಬಿಸಿಲು ಸರಿಯಾಗಿ ತಾಗುವುದಿಲ್ಲ.

ಇರುವೆ ಮೀಸೆಯಿಂದ ಗಿಡಹೇನನ್ನು ಮೆಲ್ಲಗೆ ತಟ್ಟುತ್ತದೆ, ಹೇನು ಒಂದು ಹನಿ ಬಿಡುತ್ತದೆ. ಹಸು ಸಾಕಿದ ಹಾಗೆಯೇ ಇದು. ಸಾಕಿದ ಮೇಲೆ ಕಾವಲೂ ಕಾಯಬೇಕಲ್ಲ? ಹೇನು ತಿನ್ನಲು ಬರುವ ಗುಲಗಂಜಿ ಹುಳುವನ್ನು, ಹೇನಿನ ಮೈಯೊಳಗೆ ಮೊಟ್ಟೆ ಇಡುವ ಪುಟ್ಟ ಕಣಜವನ್ನು ಇರುವೆಗಳು ಅಟ್ಟಿ ಓಡಿಸುತ್ತವೆ. ನಮ್ಮ ಮರಕ್ಕೆ ನಿಜವಾದ ನಷ್ಟ ಇದೇ.

ಆ ಹುಳುಗಳ ಬಲ ಎಷ್ಟು ಅಂತ ಒಂದು ಹಳೆಯ ಸಂಗತಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಕಿತ್ತಳೆ, ನಿಂಬೆ ತೋಟಗಳನ್ನು ಹತ್ತಿಯಂಥ ಬಿಳಿ ಚೀಲ ಹೊತ್ತ ಒಂದು ಶಲ್ಕ ಕೀಟ ಮುಗಿಸುತ್ತಾ ಬಂದಿತ್ತು. ಅದು ಆಸ್ಟ್ರೇಲಿಯಾದಿಂದ ಬಂದ ಕೀಟ. 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞ ಆಸ್ಟ್ರೇಲಿಯಾಕ್ಕೇ ಹೋಗಿ, ಆ ಕೀಟವನ್ನು ತಿನ್ನುವ ವೆಡಾಲಿಯಾ ಎಂಬ ಗುಲಗಂಜಿ ಹುಳುಗಳನ್ನು ಕಳಿಸಿದರು. ಒಂದೆರಡು ವರ್ಷದಲ್ಲೇ ತೋಟಗಳು ಚೇತರಿಸಿಕೊಂಡವು. ಇಂಥ ನೆಂಟರಿಗೆ ನಮ್ಮ ಮರದಲ್ಲಿ ದಾರಿ ಬಿಡಬೇಕಾದರೆ ಇರುವೆಯ ದಾರಿ ಕಟ್ಟಬೇಕು.

ಕಾಂಡದ ಸುತ್ತ ಅಂಟು ಪಟ್ಟಿ ಕಟ್ಟಿ. ಅಂಟನ್ನು ನೇರವಾಗಿ ತೊಗಟೆಗೆ ಬಳಿಯಬೇಡಿ, ತೊಗಟೆ ಹಾಳಾಗಬಹುದು. ಮೊದಲು ಬಟ್ಟೆ ಅಥವಾ ಟೇಪ್ ಸುತ್ತಿ, ಅದರ ಮೇಲೆ ಬಳಿಯಿರಿ. ತೊಗಟೆ ಒರಟಾಗಿದ್ದರೆ ಬಿರುಕಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಪಟ್ಟಿಯ ಅಡಿಯಿಂದಲೇ ನುಸುಳುತ್ತವೆ. ಗೋಡೆಗೋ ಬೇಲಿಗೋ ಪಕ್ಕದ ಗಿಡಕ್ಕೋ ತಾಗುವ ಕೊಂಬೆಗಳನ್ನು ಕತ್ತರಿಸಿ. ಒಂದೇ ಒಂದು ರೆಂಬೆ ತಾಗಿದರೂ ಸಾಕು, ಅದೇ ಸೇತುವೆ. ನನ್ನ ಮೊದಲ ಪಟ್ಟಿ ಸೋತದ್ದು ಹಾಗೆಯೇ. ಪಟ್ಟಿಯ ಮೇಲೆ ದೂಳು, ಒಣ ಎಲೆ ಕೂತರೆ ಇರುವೆ ಅದರ ಮೇಲೆಯೇ ನಡೆಯುತ್ತದೆ. ವಾರಕ್ಕೊಮ್ಮೆ ನೋಡಿ. ಕಾಂಡ ದಪ್ಪವಾಗುತ್ತಾ ಹೋಗುವುದರಿಂದ ಆಗಾಗ ಬಿಚ್ಚಿ, ಜಾಗ ಬದಲಿಸಿ ಕಟ್ಟಿ.

ಇರುವೆ ವಿಪರೀತ ಇದ್ದರೆ ಸಿಹಿ ಆಮಿಷ ಇಡಬಹುದು. ಒಂದು ಲೀಟರ್ ಸಕ್ಕರೆ ನೀರಿಗೆ 5ರಿಂದ 10 ಗ್ರಾಂ ಬೋರಿಕ್ ಆಸಿಡ್ ಸಾಕು. ಜಾಸ್ತಿ ಹಾಕಿದರೆ ಕುಡಿದ ಇರುವೆ ದಾರಿಯಲ್ಲೇ ಸಾಯುತ್ತದೆ. ಕಡಿಮೆ ಇದ್ದರೆ ಗೂಡಿಗೆ ಒಯ್ದು ಬಾಯಿಂದ ಬಾಯಿಗೆ ಹಂಚುತ್ತದೆ, ರಾಣಿಗೂ ಮುಟ್ಟುತ್ತದೆ. ಇದು ನಿಧಾನದ ಕೆಲಸ, ವಾರಗಳೇ ಬೇಕು. ಸಣ್ಣ ತೂತುಗಳಿರುವ ಮುಚ್ಚಿದ ಡಬ್ಬಿಯಲ್ಲಿ, ಮಕ್ಕಳಿಗೂ ಪ್ರಾಣಿಗಳಿಗೂ ಸಿಗದ ಹಾಗೆ ಇಡಿ. ಮಣ್ಣಿಗೆ ಸುರಿಯಬೇಡಿ, ಬೋರಾನ್ ಹೆಚ್ಚಾದರೆ ಗಿಡಕ್ಕೇ ವಿಷ.

ಇನ್ನು ಮೇಲಿರುವ ಕೀಟಗಳು. ಗಿಡಹೇನಿಗೆ ಪೈಪಿನಿಂದ ಜೋರಾಗಿ ನೀರು ಹೊಡೆದರೆ ಸಾಕು, ಬಿದ್ದದ್ದರಲ್ಲಿ ಹೆಚ್ಚಿನವು ಮತ್ತೆ ಹತ್ತುವುದಿಲ್ಲ. ಹಿಟ್ಟು ತಿಗಣೆಗೆ ಗಿಡಗಳಿಗೆಂದೇ ಮಾಡಿದ ಸೋಪಿನ ನೀರನ್ನು ತಂಪು ಹೊತ್ತಲ್ಲಿ ಎಲೆಯ ಅಡಿಗೂ ಸಿಂಪಡಿಸಿ. ಹುಳುವಿನ ಮೈಗೆ ತಾಗಿದರೆ ಮಾತ್ರ ಕೆಲಸ ಮಾಡುತ್ತದೆ. ಬಲಿತ ಶಲ್ಕ ಕೀಟಕ್ಕೆ ಚಿಪ್ಪಿನ ರಕ್ಷಣೆ ಇದೆ, ಅದರ ಮರಿಗಳು ಹರಿದಾಡುವಾಗಲೇ ಹಿಡಿಯಬೇಕು. ರೆಂಬೆಗೆ ಎರಡೂ ಕಡೆ ಅಂಟಿರುವ ಟೇಪ್ ಸುತ್ತಿಡಿ. ಅದರಲ್ಲಿ ಹಳದಿ ಚುಕ್ಕಿಗಳಂತೆ ಮರಿಗಳು ಸಿಕ್ಕಿಬಿದ್ದ ದಿನವೇ ಸಿಂಪಡಿಸುವ ದಿನ. ಯೂರಿಯಾದಂಥ ಗೊಬ್ಬರವನ್ನೂ ಸುಮ್ನೆ ಸುರಿಯಬೇಡಿ. ಮೆತ್ತಗಿನ ಚಿಗುರು ಜಾಸ್ತಿಯಾದಷ್ಟೂ ಹೇನೂ ಜಾಸ್ತಿ.

ಒಂದು ಮಾತು ಮಾತ್ರ ದಯವಿಟ್ಟು ನೆನಪಿಡಿ. ಹಿಟ್ಟು ತಿಗಣೆಗಳ ನಡುವೆ ಅವಕ್ಕಿಂತ ದೊಡ್ಡದಾಗಿ, ಬಿಳಿ ಎಳೆಎಳೆಯ ಮೈಯಲ್ಲಿ ಚುರುಕಾಗಿ ಓಡಾಡುವ ಹುಳು ಕಂಡರೆ ಹೊಸಕಬೇಡಿ. ಅದು ತಿಗಣೆ ತಿನ್ನುವ ಗುಲಗಂಜಿ ಜಾತಿಯ ಹುಳುವಿನ ಮರಿ. ಕಂದು ಬಣ್ಣಕ್ಕೆ ತಿರುಗಿ ಉಬ್ಬಿ ನಿಂತ ಗಿಡಹೇನು ಕಂಡರೂ ಬಿಡಿ, ಅದರೊಳಗೆ ಕಣಜದ ಮರಿ ಬೆಳೆಯುತ್ತಿದೆ.

ಭೂತಗನ್ನಡಿ ತಂದಿದ್ದೇನೆ. ಹೊರಗೆ ಬಾಗಿಲ ಬಳಿಯ ದಾಸವಾಳದಲ್ಲಿ ಇರುವೆ ಸಾಲು ಇದೆ. ಬನ್ನಿ, ಎಲೆ ಮಗುಚಿ ನೋಡೋಣ.