ಮಂಡಿಗೆ ಎಣ್ಣೆ ಎಲ್ಲಿಂದ ಬರುತ್ತೆ?

ನಮಸ್ಕಾರ. ಹಾಲು ಕರೆದು ಡೇರಿಗೆ ಹಾಕಿ ಬಂದು ರೇಡಿಯೋ ಹಾಕಿರುವ ಕೋಲಾರ ಸೀಮೆಯ ಅಕ್ಕಂದಿರೇ, ಟೊಮೆಟೊ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರೇ, ಇವತ್ತಿನ ಮಾತು ನಿಮ್ಮ ಮಂಡಿದು.

ಮೈಯಲ್ಲಿ 206 ಮೂಳೆ ಇವೆ. ಅಷ್ಟೂ ಬೇಡ, ಮಂಡಿಯ ಮೂರು ಸಾಕು. ಮೇಲೆ ತೊಡೆಮೂಳೆ, ಕೆಳಗೆ ಕಾಲಿನ ದಪ್ಪಮೂಳೆ, ಮುಂದೆ ಚಿಪ್ಪು. ಕಾಲು ಚಾಚಿ ಕೂತು, ತೊಡೆ ಸಡಿಲ ಬಿಟ್ಟು, ಚಿಪ್ಪನ್ನು ಬೆರಳಲ್ಲಿ ಹಿಡಿದು ಆಚೆಈಚೆ ತಳ್ಳಿ. ಸರಿಯುತ್ತೆ. ಈಗ ತೊಡೆ ಬಿಗಿ ಮಾಡಿ. ಅಲ್ಲಾಡಲ್ಲ! ಚಿಪ್ಪನ್ನು ಹಿಡಿದಿರೋದು ತೊಡೆಯ ಸ್ನಾಯು.

ಮೂಳೆಗಳ ತುದಿಗೆ ಕೆಲವೇ ಮಿಲಿಮೀಟರ್ ದಪ್ಪದ ನುಣುಪು ಪದರ, ಕಾರ್ಟಿಲೇಜ್. ಅದರಲ್ಲಿ ನರ ಇಲ್ಲ, ಹಾಗಾಗಿ ಸವೆಯುತ್ತಿದ್ದರೂ ಮೊದಮೊದಲು ಗೊತ್ತಾಗಲ್ಲ. ರಕ್ತನಾಳವೂ ಇಲ್ಲ. ಮತ್ತೆ ಊಟ ಎಲ್ಲಿಂದ? ಕೀಲಿನೊಳಗೆ ಒಂದು ಟೀ ಚಮಚೆಯಷ್ಟೂ ಇಲ್ಲದ ಅಂಟುದ್ರವದಿಂದ. ಹೆಜ್ಜೆ ಊರಿದಾಗ ಪದರ ಸ್ಪಂಜಿನ ಹಾಗೆ ಹಿಂಡಿಕೊಳ್ಳುತ್ತೆ, ಎತ್ತಿದಾಗ ಹೀರಿಕೊಳ್ಳುತ್ತೆ. ಆಡಿಸಿದರೆ ಊಟ, ಕೂತರೆ ಉಪವಾಸ. ಮೇಲಿಂದ ಎಷ್ಟೇ ಎಣ್ಣೆ ತಿಕ್ಕಿ, ಆ ಪದರಕ್ಕೆ ಒಂದು ಹನಿಯೂ ಇಳಿಯಲ್ಲ.

ಇಂಗ್ಲೆಂಡಿನಲ್ಲಿ ಜಾನ್ ಚಾರ್ನ್ಲಿ ಅಂತ ಮೂಳೆ ವೈದ್ಯರಿದ್ದರು. ಅವರ ಹತ್ತಿರ ಒಬ್ಬ ಬಂದ. ಬೇರೆ ಕಡೆ ಸೊಂಟದ ಕೀಲಿಗೆ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಗುಂಡು ಹಾಕಿಸಿಕೊಂಡಿದ್ದ. ಊಟದ ಮೇಜಿನ ಮೇಲೆ ಏನಾದರೂ ತಗೊಳ್ಳೋಕೆ ಮುಂದೆ ಬಗ್ಗಿದರೆ ಸಾಕು, ಸೊಂಟ ಕಿರ್ ಅನ್ನುತ್ತಿತ್ತು. ಅವನಿರುವ ಕೋಣೆಯಲ್ಲಿ ಹೆಂಡತಿಗೆ ಕೂರೋಕಾಗುತ್ತಿರಲಿಲ್ಲ! ಎಲ್ಲರೂ ನಕ್ಕು ಸುಮ್ಮನಾಗುವ ಸಂಗತಿ. ಚಾರ್ನ್ಲಿ ಮಾತ್ರ ಬಿಡಲಿಲ್ಲ. ನಮ್ಮ ಸ್ವಂತ ಕೀಲು ಯಾಕೆ ಕಿರುಗುಟ್ಟಲ್ಲ? ಅಳೆದು ನೋಡಿದರು. ಮಂಜುಗಡ್ಡೆ ಮೇಲೆ ಸ್ಕೇಟು ಜಾರುವುದಕ್ಕಿಂತ ನುಣುಪಾಗಿ ನಮ್ಮ ಕೀಲು ಜಾರುತ್ತೆ. ಕೃತಕ ಕೀಲಿಗೆ ಟೆಫ್ಲಾನ್ ಅನ್ನೋ ಜಾರು ಪ್ಲಾಸ್ಟಿಕ್ ಹಾಕಿ ನೋಡಿದರು, ಕೆಲವೇ ವರ್ಷಕ್ಕೆ ಸವೆದುಹೋಯಿತು. ಸವೆದ ಪುಡಿ ಮೈಗೆ ಏನು ಮಾಡುತ್ತೆ ಅಂತ ಟೆಫ್ಲಾನನ್ನು ತಮ್ಮ ತೊಡೆಯೊಳಗೇ ಇಟ್ಟುಕೊಂಡರು! 1962ರಲ್ಲಿ ಪಾಲಿಥಿಲೀನ್ ಅನ್ನೋ ಇನ್ನೊಂದು ಪ್ಲಾಸ್ಟಿಕ್ ಕೈ ಹಿಡಿಯಿತು. ಅಷ್ಟು ಒದ್ದಾಡಿ ಮಾಡಿದ್ದು ನಿಮ್ಮಲ್ಲಿ ಹುಟ್ಟಿನಿಂದಲೇ ಇದೆ ಕಣ್ರಮ್ಮ, ಆಡಿಸಿ!

ಸಮಯ ಮುಗೀತಾ ಬಂತು, ಬೇಗ ಹೇಳಿಬಿಡ್ತೀನಿ. ಕಾಲು ಚಾಚಿ ಕೂತು ಮಂಡಿ ಕೆಳಗೆ ಸುತ್ತಿದ ಟವೆಲ್ ಇಡಿ. ತೊಡೆ ಬಿಗಿದು ಟವೆಲನ್ನು ಅದುಮಿ, 5 ಎಣಿಸಿ, ಬಿಡಿ. ಹೀಗೆ 10 ಸಲ, ಬೆಳಿಗ್ಗೆ ಸಂಜೆ. ಉಸಿರು ಕಟ್ಟಬೇಡಿ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಫ್ಲೋರೈಡ್ ಅನ್ನೋ ಲವಣದ್ದು ಬೇರೆಯೇ ಕಥೆ. ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದಕ್ಕಿಂತ ತುಂಬಾ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲಿನ ಸುತ್ತಲ ಕಟ್ಟುಗಳೂ ಕಲ್ಲಾಗಬಹುದು. ಕುದಿಸಿದರೆ ಅದು ಹೋಗಲ್ಲ, ನೀರು ಇಂಗಿ ಫ್ಲೋರೈಡ್ ಅಂಶ ಇನ್ನೂ ಹೆಚ್ಚುತ್ತೆ. ನೀರು ಪರೀಕ್ಷೆ ಮಾಡಿಸಿ.

ಮಂಡಿ ಕೆಂಪಾಗಿ, ಬಿಸಿಯಾಗಿ ಊದಿ, ಜ್ವರ ಬಂದರೆ ಮಾತ್ರ ಆಡಿಸಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ನಾಳೆಯಿಂದ ಹಾಲು ಕರೆಯೋಕೆ ಒಂದು ಸ್ಟೂಲು ಹಾಕಿಕೊಳ್ಳಿ. ನಮಸ್ಕಾರ.