ಕ್ಲೋನ್ ಆಮೇಲೆ, ಮೊದಲು ಫೋಟೋ ಎತ್ತಿಡಿ

ನಮಸ್ಕಾರ. ಹಳೇ ಕಂಪ್ಯೂಟರ್ ನಿಧಾನ ಆಯಿತು ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು. ಹೊಸ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್) ತನ್ನಿ, ಹಳೇ ಹಾರ್ಡ್ ಡಿಸ್ಕನ್ನು ಅದಕ್ಕೆ ಕ್ಲೋನ್ ಮಾಡಿ, ಅಂದರೆ ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿ, ಮುಗೀತು. ಸಲಹೆಯೇನೋ ಒಳ್ಳೆಯದೇ. ಆದರೆ ಮೊದಲು ಮಾಡಬೇಕಾದ ಕೆಲಸ ಅದಲ್ಲ.

ಕ್ಲೋನ್ ಅಂದರೆ ಡಿಸ್ಕಿಗೆ ಬಿಡುವೇ ಇಲ್ಲ. ವಿಂಡೋಸ್, ಯಾವತ್ತೋ ಹಾಕಿ ಮರೆತ ಗೇಮು, ಬೇಡದ ಕಸ, ಎಲ್ಲವನ್ನೂ ಅದು ಓದಲೇಬೇಕು. ಹಳೇ ಮೆಷಿನ್ನಿನ ಯುಎಸ್‌ಬಿ 2.0 ಪೋರ್ಟಿನಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಹೋಗುತ್ತದೆ. 500 ಜಿಬಿ ಡಿಸ್ಕ್ ತುಂಬಿದ್ದರೆ ನಾಲ್ಕೂವರೆ ಗಂಟೆ ಬೇಕು. ಮೊದಲೇ ಏದುಸಿರು ಬಿಡುತ್ತಿರುವ ಡಿಸ್ಕ್ ಅರ್ಧದಲ್ಲೇ ನಿಂತುಹೋದರೆ? ಆಗ ಕ್ಲೋನೂ ಇಲ್ಲ, ಫೋಟೋನೂ ಇಲ್ಲ.

ನನಗೆ ಇದು ಅನುಭವಕ್ಕೆ ಬಂದಿದ್ದು ಅಪ್ಪನ ದನಿಯ ರೆಕಾರ್ಡಿಂಗ್ ಇದ್ದ ಡಿಸ್ಕಿನಲ್ಲಿ. ಕಿವಿ ಹತ್ತಿರ ಇಟ್ಟರೆ ಟಕ್, ಟಕ್ ಅನ್ನುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಟಕ್. ಮೊದಲು ಸರಿ ಮಾಡೋಣ ಅಂತ ವಿಂಡೋಸ್‌ನ ರಿಪೇರಿ ಟೂಲ್ ಚೆಕ್ ಡಿಸ್ಕ್ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಬಯಾಸ್‌ನಲ್ಲೂ (ವಿಂಡೋಸ್‌ಗೂ ಮೊದಲು ಶುರುವಾಗುವ ಸೆಟ್ಟಿಂಗ್ ಪರದೆ) ಡಿಸ್ಕ್ ಕಾಣಲಿಲ್ಲ. ಆ ರೆಕಾರ್ಡಿಂಗ್ ಫೋಲ್ಡರ್ ಇದ್ದದ್ದು 2 ಜಿಬಿ. ಪೆನ್‌ಡ್ರೈವ್‌ಗೆ ಹಾಕಿಕೊಳ್ಳಲು ಕೆಲವೇ ನಿಮಿಷ ಸಾಕಿತ್ತು. ಈಗಲೂ ಅದನ್ನು ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಅದಕ್ಕೇ ಹೇಳುತ್ತಿರುವುದು. ವಿಂಡೋಸ್ ಮತ್ತೆ ಹಾಕಿಕೊಳ್ಳಬಹುದು, ದನಿ ಮತ್ತೆ ಸಿಗಲ್ಲ. ಮತ್ತೆ ಸಿಗದಿರುವುದನ್ನು ಮೊದಲು ಬೇರೆ ಕಡೆ ಕಾಪಿ ಮಾಡಿ. ರಿಪೇರಿ, ಡಿಫ್ರಾಗ್ (ಚದುರಿದ ಫೈಲುಗಳನ್ನು ಜೋಡಿಸುವುದು) ಯಾವುದೂ ಈಗ ಬೇಡ.

ಆಮೇಲೆ ಡಿಸ್ಕಿನ ಆರೋಗ್ಯ ನೋಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಸಾಫ್ಟ್‌ವೇರ್ ತೆರೆದರೆ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು, ಬದಲಿ ಕೊಟ್ಟ ಜಾಗಗಳು), ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಲು ಆಗದೆ ಅನುಮಾನದಲ್ಲಿರುವ ಜಾಗಗಳು) ಅಂತ ಎರಡು ಸಾಲು ಇರುತ್ತವೆ. ಎರಡರಲ್ಲೂ ಕಚ್ಚಾ ಸಂಖ್ಯೆ (ರಾ ವ್ಯಾಲ್ಯೂ) ಸೊನ್ನೆ ಇದ್ದು, ಸದ್ದೂ ಇಲ್ಲದಿದ್ದರೆ ಕ್ಲೋನ್ ಮಾಡುವ ಸಾಫ್ಟ್‌ವೇರ್ ಕ್ಲೋನ್‌ಜಿಲ್ಲಾ ಸಾಕು. ಸಂಖ್ಯೆ ಏರುತ್ತಿದ್ದರೆ ಲಿನಕ್ಸ್ ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ (ಬೂಟ್), ಕೆಡುತ್ತಿರುವ ಡಿಸ್ಕನ್ನೂ ನಕಲು ಮಾಡುವ ಡಿಡಿರೆಸ್ಕ್ಯೂ ಬಳಸಿ. ಇದರ ಬುದ್ಧಿವಂತಿಕೆ ನನಗೆ ತುಂಬಾ ಇಷ್ಟ. ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಗುದ್ದಾಡುತ್ತಾ ಕೂರುವುದಿಲ್ಲ. ಅದನ್ನು ಬಿಟ್ಟು ಮುಂದೆ ಹೋಗಿ, ಚೆನ್ನಾಗಿರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೊನೆಗೆ ವಾಪಸ್ ಬರುತ್ತದೆ. ಎಲ್ಲಿವರೆಗೆ ಬಂತು ಅಂತ ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಹಾಗಾಗಿ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು.

ಯಾವುದೇ ಸಾಫ್ಟ್‌ವೇರ್ ಇರಲಿ, ಸೋರ್ಸ್ (ಹಳೇ ಡಿಸ್ಕ್) ಯಾವುದು, ಟಾರ್ಗೆಟ್ (ಹೊಸ ಡಿಸ್ಕ್) ಯಾವುದು ಅಂತ ಕೇಳುವ ಆ ಒಂದು ಸ್ಕ್ರೀನಿನಲ್ಲಿ ಅವಸರ ಬೇಡ. ಅಲ್ಲಿ ಅದಲುಬದಲಾದರೆ ಖಾಲಿ ಡಿಸ್ಕ್ ಹೋಗಿ ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಎರಡೂ 500 ಜಿಬಿ ಆಗಿದ್ದರೆ ಸೈಜು ನೋಡಿ ಗೊತ್ತಾಗಲ್ಲ, ಅಲ್ವಾ? ಡಿಸ್ಕಿನ ಲೇಬಲ್ ಮೇಲೆ ಸೀರಿಯಲ್ ನಂಬರ್ ಇರುತ್ತದೆ. ಕೊನೆಯ ನಾಲ್ಕು ಅಕ್ಷರ ಚೀಟಿಯಲ್ಲಿ ಬರೆದುಕೊಂಡು, ಸ್ಕ್ರೀನಿನಲ್ಲಿ ಇರುವುದಕ್ಕೆ ತಾಳೆ ನೋಡಿ.

ಕ್ಲೋನ್ ಮುಗಿದ ಮೇಲೆ ಹಳೇ ಡಿಸ್ಕ್ ಬಿಚ್ಚಿಟ್ಟು ಹೊಸದರಿಂದ ಮಾತ್ರ ಬೂಟ್ ಮಾಡಿ. ಎರಡರ ಗುರುತೂ ಒಂದೇ ಆಗಿರುವುದರಿಂದ, ಒಟ್ಟಿಗೆ ಇದ್ದರೆ ವಿಂಡೋಸ್‌ಗೆ ಗಲಿಬಿಲಿ ಆಗುತ್ತದೆ. ಹಾಗಂತ ಈ ಕ್ಲೋನನ್ನೇ ಬ್ಯಾಕಪ್ ಅಂದುಕೊಳ್ಳಬೇಡಿ. ಇದು ಆ ಒಂದು ದಿನದ ನಕಲು, ನಾಳೆ ಹಾಕುವ ಫೋಟೋ ಹೊಸ ಡಿಸ್ಕ್ ಒಂದರಲ್ಲೇ ಇರುತ್ತದೆ, ಎರಡು ಕಡೆ ಇರುವುದಿಲ್ಲ.

ಹಳೇ ಡಿಸ್ಕನ್ನು ಸದ್ಯಕ್ಕೆ ಫಾರ್ಮ್ಯಾಟ್ ಮಾಡಬೇಡಿ. ಹೊಸದರಲ್ಲಿ ಒಂದು ಹಳೇ ವಿಡಿಯೋ ತೆರೆದು, ಕೊನೆಯವರೆಗೂ ಕೂತು ನೋಡಿ.