ಜಕಾರ್ತದ ಚಿನ್ನ, ಆಮೇಲಿನ ಬರ

ಕೇಳುಗರಿಗೆ ನಮಸ್ಕಾರ.

ಭಾರತದ ಫುಟ್ಬಾಲ್ ತಂಡದ ಮಾತು ತೆಗೆದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಬರಿಗಾಲಲ್ಲಿ ಆಡ್ತೀವಿ ಅಂದಿದ್ದಕ್ಕೆ ವಿಶ್ವಕಪ್ಪಿಗೆ ಸೇರಿಸಲಿಲ್ಲವಂತಲ್ಲ, ಹೌದಾ?" ಅಲ್ಲ. 1950ರ ಬ್ರೆಜಿಲ್ ವಿಶ್ವಕಪ್ಪಿನಲ್ಲಿ ನಮಗೆ ಜಾಗ ಸಿಕ್ಕಿತ್ತು. ಅರ್ಹತೆಗಾಗಿ ನಮ್ಮ ಎದುರು ಆಡಬೇಕಿದ್ದ ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಮೂರೂ ಹಿಂದೆ ಸರಿದಿದ್ದವು. ಖರ್ಚಿನ ದೊಡ್ಡ ಪಾಲು ತಾವೇ ಹೊರುತ್ತೇವೆ ಎಂದು ಬ್ರೆಜಿಲ್‌ನವರು ಹೇಳಿದ್ದರು. ಆದರೂ ತಂಡ ಹೋಗಲಿಲ್ಲ. ಅಷ್ಟು ದೂರದ ಪ್ರಯಾಣ, ಅಭ್ಯಾಸಕ್ಕೆ ಸಮಯವಿಲ್ಲ ಎಂದೆಲ್ಲ ಕಾರಣ ಕೊಟ್ಟರು. ಒಳಗಿನ ಮಾತೇನೆಂದರೆ ಆಗಿನ ನಮ್ಮ ಫುಟ್ಬಾಲ್ ಯಜಮಾನರಿಗೆ ಒಲಿಂಪಿಕ್ಸ್ ಒಂದೇ ಕಣ್ಣಿಗೆ ಬೀಳುತ್ತಿತ್ತು, ವಿಶ್ವಕಪ್ಪಿನ ತೂಕ ಗೊತ್ತಿರಲಿಲ್ಲ. ಆ ಕಾಲದ ನಾಯಕ ಶೈಲೇನ್ ಮನ್ನಾ ಅವರೇ ಬರಿಗಾಲಿನ ಕಾರಣವನ್ನು ಕಟ್ಟುಕಥೆ ಎಂದು ತಳ್ಳಿಹಾಕಿದ್ದರು. ಆದರೆ ಕಟ್ಟುಕಥೆಗೆ ಆಯುಸ್ಸು ಜಾಸ್ತಿ. ಯಜಮಾನರ ಅಸಡ್ಡೆಗಿಂತ ಆಟಗಾರರ ಬರಿಗಾಲು ಹೇಳುವುದಕ್ಕೂ ಚೆಂದ, ಕೇಳುವುದಕ್ಕೂ ಚೆಂದ.

ಬರಿಗಾಲಲ್ಲಿ ಆಡಿದ್ದಂತೂ ನಿಜ. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್. ಇಲ್‌ಫರ್ಡ್‌ನ ಮೈದಾನದಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಇಳಿಯಿತು. ನಾಯಕ ನಾಗಾ ಬೆಟ್ಟಗಳಿಂದ ಬಂದ ತಾಲಿಮೆರೆನ್ ಆವ್, ಕಲ್ಕತ್ತೆಯಲ್ಲಿ ವೈದ್ಯಕೀಯ ಓದುತ್ತಿದ್ದವರು. ಹನ್ನೊಂದು ಜನರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟಿಲ್ಲ. ಫ್ರಾನ್ಸ್ ಮುಂದಿತ್ತು, 70ನೇ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ನಮಗೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. ಕೊನೇ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಲ್ಲಿ ಗೆದ್ದಿತು. ಬ್ರಿಟಿಷ್ ಪ್ರೇಕ್ಷಕರು ಸೋತವರಿಗೆ ಚಪ್ಪಾಳೆ ತಟ್ಟಿದರು. ಆ ಎರಡು ಪೆನಾಲ್ಟಿಗಳ ಹೊಟ್ಟೆಯುರಿ ನನಗೆ ಇವತ್ತಿಗೂ ಹೋಗಿಲ್ಲ.

ಆ ಗೋಲು ಹೊಡೆದ ರಾಮನ್ ನಮ್ಮ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ಇಲ್ಲಿಯವರೇ. ಚೆಂಡು ಅವರ ಕಾಲಿಗೆ ಸಿಕ್ಕರೆ ಬಿಡಿಸಿಕೊಳ್ಳುವುದು ಕಷ್ಟ ಎಂದು ಕಲ್ಕತ್ತೆಯವರು ಈಗಲೂ ನೆನೆಯುತ್ತಾರೆ. ಇದರಲ್ಲಿ ಆಶ್ಚರ್ಯವೇನಿಲ್ಲ. ದಂಡು ಪ್ರದೇಶದ ಗೋರಾ ಪಲ್ಟನ್ನುಗಳ ಆಟ ನೋಡಿ ಕಲಿತ ಹುಡುಗರು ಇಲ್ಲಿ ಬೇಕಾದಷ್ಟಿದ್ದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂದಿತು. ಅಲ್ಲಿಯವರೆಗೆ ಅದು ಬ್ರಿಟಿಷ್ ಸೈನಿಕರ ಸ್ವತ್ತು. ಸ್ವಾತಂತ್ರ್ಯಕ್ಕೆ ತುಸು ಮೊದಲು ಮೈಸೂರು ತಂಡ ಬಂಗಾಳವನ್ನು ಸೋಲಿಸಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನೂ ಎತ್ತಿತ್ತು.

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ. ಫೈನಲ್‌ನಲ್ಲಿ ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿಗೆ ಇರಾನ್ ಸೋತು ಚಿನ್ನ ನಮ್ಮದಾಯಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ 10-1ರಲ್ಲಿ ನಮ್ಮನ್ನು ಅರೆದುಹಾಕಿತು. ಆ ಒಂದು ಗೋಲು ಅಹಮದ್ ಖಾನರದ್ದು. ಇದಾದ ಮೇಲೆಯೇ ಬೂಟು ಕಡ್ಡಾಯವಾದದ್ದು.

ಇಲ್ಲಿಂದ ಮುಂದಿನ ಕಥೆ ಒಬ್ಬ ಮೇಷ್ಟ್ರದ್ದು. ಭಾರತ ತಂಡದ ತರಬೇತುದಾರ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಮೊದಲಿಗೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ನಾಲ್ಕು ಜನರನ್ನು ಏಮಾರಿಸಿ ಜನರಿಂದ ಶಿಳ್ಳೆ ಗಿಟ್ಟಿಸುವ ಚಟ ನಮ್ಮವರಿಗಿತ್ತು. ರಹೀಮ್ ಸಾಹೇಬರು ಅದಕ್ಕೆ ಮದ್ದು ಹುಡುಕಿದರು. ಡ್ರಿಬ್ಲಿಂಗ್ ಮಾಡಲೇಕೂಡದು ಎಂಬ ಷರತ್ತಿನ ಪಂದ್ಯಾವಳಿ ನಡೆಸಿದರು. ಬಲಗಾಲಿನವನು ಎಡಗಾಲಲ್ಲೇ ಆಡಬೇಕು, ಎಡಗಾಲಿನವನು ಬಲಗಾಲಲ್ಲೇ ಆಡಬೇಕು ಎಂಬ ಇನ್ನೊಂದು ಪಂದ್ಯಾವಳಿ. ಚೆಂಡು ಬಂತೇ, ಒಂದೇ ಸ್ಪರ್ಶದಲ್ಲಿ ದಾಟಿಸು, ಜಾಗಕ್ಕೆ ಓಡು.

ಫಲ ಸಿಕ್ಕಿದ್ದು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ. ಆಸ್ಟ್ರೇಲಿಯಾವನ್ನು ಅವರದೇ ನೆಲದಲ್ಲಿ 4-2ರಿಂದ ಸೋಲಿಸಿದೆವು, ನೆವಿಲ್ ಡಿಸೋಜಾ ಹ್ಯಾಟ್ರಿಕ್. ಒಲಿಂಪಿಕ್ಸ್ ಫುಟ್ಬಾಲ್‌ನಲ್ಲಿ ಏಷ್ಯಾದವನೊಬ್ಬ ಹೊಡೆದ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯಾ. ಮೊದಲ ಗೋಲು ನಮ್ಮದೇ, ಆಮೇಲೆ ಸೋತೆವು. ನಾಲ್ಕನೇ ಸ್ಥಾನ. ಆ ತಂಡದಲ್ಲಿದ್ದ ಕೆಂಪಯ್ಯನವರೂ ಬೆಂಗಳೂರಿನವರು.

ಇನ್ನು ಜಕಾರ್ತ, 1962ರ ಏಷ್ಯನ್ ಕ್ರೀಡಾಕೂಟ. ಇಸ್ರೇಲ್ ಮತ್ತು ತೈವಾನಿನವರಿಗೆ ಇಂಡೊನೇಷ್ಯಾ ಬರಗೊಡಲಿಲ್ಲ. ಹಾಗಿದ್ದರೆ ಇದನ್ನು ಏಷ್ಯನ್ ಕ್ರೀಡಾಕೂಟ ಎನ್ನುವುದು ಹೇಗೆ ಎಂದು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಆಕ್ಷೇಪ ಎತ್ತಿದರು. ಊರಿಗೆ ಊರೇ ಕೆರಳಿತು. ಭಾರತದ ರಾಯಭಾರ ಕಚೇರಿಗೆ ಗುಂಪು ನುಗ್ಗಿತು. ನಮ್ಮ ಆಟಗಾರರು ಬಸ್ಸಿನಲ್ಲಿ ಹೋಗುವಾಗ ತ್ರಿವರ್ಣ ಧ್ವಜ ಕಾಣುವ ಹಾಗಿಲ್ಲ. ಪೇಟ ಸುತ್ತಿದ ಜರ್ನೈಲ್ ಸಿಂಗ್ ಹೊರಗಿನವರಿಗೆ ಕಾಣದಂತೆ ಬಸ್ಸಿನ ನೆಲದ ಮೇಲೆ ಕೂತರು.

ಜರ್ನೈಲ್ ಹಿಂಬದಿಯ ಕಾವಲಿನ ಆಟಗಾರ. ಥಾಯ್ಲೆಂಡ್ ಪಂದ್ಯದಲ್ಲಿ ತಲೆ ಒಡೆದು ಹೊಲಿಗೆ ಬಿದ್ದಿತ್ತು. ಇನ್ನೊಬ್ಬರಾಗಿದ್ದರೆ ಹೊರಗೆ ಕೂರಿಸುತ್ತಿದ್ದರೇನೋ. ರಹೀಮ್ ಮಾತ್ರ ಜರ್ನೈಲ್‌ರನ್ನು ಮುಂದಕ್ಕೆ ಕಳಿಸಿ ದಾಳಿಗೆ ನಿಲ್ಲಿಸಿಬಿಟ್ಟರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಅವರು ಗೋಲು ಹೊಡೆದರು. ಫೈನಲ್ ಸೆಪ್ಟೆಂಬರ್ 4ರಂದು. ಎದುರಾಳಿ ದಕ್ಷಿಣ ಕೊರಿಯಾ, ಎರಡು ಸಲದ ಏಷ್ಯಾ ಕಪ್ ವಿಜೇತರು. ಅದೇ ಕೂಟದ ಮೊದಲ ಪಂದ್ಯದಲ್ಲಿ ನಮ್ಮನ್ನು 2-0ಯಿಂದ ಸೋಲಿಸಿದ್ದವರು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಎದ್ದು ಬಂದಿದ್ದರು. ಕ್ರೀಡಾಂಗಣದ ತುಂಬ ಜನ, ಎಲ್ಲರೂ ನಮ್ಮ ವಿರುದ್ಧ. ರಾಷ್ಟ್ರಗೀತೆಗೂ ಕೂಗಾಟ. ಆಟ ಶುರುವಾಗಿ 20 ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ ಒಂದು, ತಲೆಗೆ ಪಟ್ಟಿ ಕಟ್ಟಿದ್ದ ಜರ್ನೈಲ್ ಒಂದು ಹೊಡೆದಾಗಿತ್ತು. ಕೊರಿಯಾ ಕೊನೆಯಲ್ಲಿ ಒಂದನ್ನು ತೀರಿಸಿತು, ಅಷ್ಟೇ. ನಾಯಕ ಚುನಿ ಗೋಸ್ವಾಮಿಯ ಕೊರಳಿಗೆ ಚಿನ್ನ ಬಂತು.

ರಹೀಮ್ ಸಾಹೇಬರಿಗೆ ಆಗಲೇ ಕ್ಯಾನ್ಸರ್ ಇತ್ತು. 1963ರ ಜೂನ್‌ನಲ್ಲಿ ತೀರಿಕೊಂಡರು.

ಅವರು ಬೆಳೆಸಿದ ಹುಡುಗರ ಬಲದಲ್ಲಿ ತಂಡ ಇನ್ನಷ್ಟು ವರ್ಷ ಉರುಳಿತು. 1964ರ ಏಷ್ಯಾ ಕಪ್ಪಿನಲ್ಲಿ ಎರಡನೇ ಸ್ಥಾನ, 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು. ಆಮೇಲೆ ಬರ. ಜಪಾನ್, ಕೊರಿಯಾಗಳು ತರಬೇತಿ, ಲೀಗ್, ಮಕ್ಕಳ ತಂಡ ಎಂದು ಅಡಿಪಾಯ ಹಾಕುತ್ತಿದ್ದಾಗ ನಮ್ಮ ದೇಶದೊಳಗಿನ ಪಂದ್ಯಗಳು ಇನ್ನೂ 70 ನಿಮಿಷಕ್ಕೆ ಮುಗಿಯುತ್ತಿದ್ದವು. 70 ನಿಮಿಷದ ಶ್ವಾಸಕೋಶ ಕಟ್ಟಿಕೊಂಡು 90 ನಿಮಿಷದ ಪಂದ್ಯ ಆಡಲು ಹೊರದೇಶಕ್ಕೆ ಹೋದರೆ ಏನಾಗಬೇಕೋ ಅದೇ ಆಯಿತು. ಒಳ್ಳೆಯ ಆಟಗಾರರು ಹುಟ್ಟಲಿಲ್ಲವೆಂದಲ್ಲ. ಒಬ್ಬ ಮನುಷ್ಯ ಕಟ್ಟಿದ್ದನ್ನು ಹಿಡಿದು ನಡೆಸುವ ವ್ಯವಸ್ಥೆಯೇ ಹುಟ್ಟಲಿಲ್ಲ. ಈ ತಂಡದ ಗುಣವೂ ಇದೇ, ದೋಷವೂ ಇದೇ ಎಂಬುದು ನನ್ನ ಅನಿಸಿಕೆ. ಯಾರಾದರೊಬ್ಬರ ಹೆಗಲ ಮೇಲೆ ಕೂತು ಎತ್ತರ ಕಾಣುತ್ತದೆ. ಆತ ಇಳಿಸಿದ ದಿನ ನೆಲಕ್ಕೆ ಬರುತ್ತದೆ.

ನಮ್ಮ ಕಾಲದಲ್ಲಿ ಆ ಹೆಗಲು ಸುನಿಲ್ ಛೇತ್ರಿಯದು. 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯ, ಅದರಲ್ಲೇ ಗೋಲು. 2018ರಲ್ಲಿ ಮುಂಬೈಯಲ್ಲಿ ಎರಡು ಸಾವಿರ ಚಿಲ್ಲರೆ ಜನರ ಮುಂದೆ ಆಡಿದ ಮೇಲೆ, ಬೈಯುವುದಾದರೂ ಸರಿ, ಮೈದಾನಕ್ಕೆ ಬಂದು ಬೈಯಿರಿ ಎಂದು ವಿಡಿಯೊದಲ್ಲಿ ಕೈಮುಗಿದರು. ಮುಂದಿನ ಪಂದ್ಯಕ್ಕೆ ಟಿಕೆಟ್ ಸಿಗಲಿಲ್ಲ. 2023ರ ಜುಲೈ 4ರಂದು ನಮ್ಮ ಕಂಠೀರವದಲ್ಲೇ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್. ಕುವೈತ್ ಜೊತೆ 1-1, ಪೆನಾಲ್ಟಿಗಳಲ್ಲೂ ಜಗ್ಗಾಟ. ಕೊನೆಗೆ ಗುರುಪ್ರೀತ್ ಸಿಂಗ್ ಸಂಧು ಹಾರಿ ತಡೆದ ಚೆಂಡಿನೊಂದಿಗೆ ಗೆಲುವು ನಮ್ಮದಾಯಿತು. ಗ್ಯಾಲರಿ ಪೂರ್ತಿ ವಂದೇ ಮಾತರಂ ಹಾಡಿತು.

ಛೇತ್ರಿ 2024ರ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ವಿದಾಯ ಹೇಳಿದರು. ಲೆಕ್ಕದಲ್ಲಿ 94 ಗೋಲು. ಅವರ ಜಾಗಕ್ಕೆ ಯಾರು ಎಂದು ಹುಡುಕಾಡಿ ಸುಸ್ತಾಗಿ, ವರ್ಷ ತುಂಬುವ ಮೊದಲೇ ಅವರನ್ನೇ ವಾಪಸ್ ಕರೆಸಿದರು. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ ತಂಡ ಒಂದು ವರ್ಷಕ್ಕೂ ಮಿಕ್ಕಿದ ಗೆಲುವಿನ ಬರ ನೀಗಿಸಿಕೊಂಡಿತು. ಅವತ್ತೂ ಗೋಲು ಹೊಡೆದವರಲ್ಲಿ ನಲವತ್ತರ ಛೇತ್ರಿ ಇದ್ದರು. ಖುಷಿಪಡಬೇಕೋ, ತಲೆ ಚಚ್ಚಿಕೊಳ್ಳಬೇಕೋ ಹೇಳಿ.

ನಮಸ್ಕಾರ.